ಗೋಡೆ ಮೇಲಿನ ಫೋಟೋ ತೆಗೀಬೇಕಾ ಅಣ್ಣ?

ಮೊನ್ನೆ ಭಾನುವಾರ ನಮ್ಮ ಕೇರಿಯ ಹುಡುಗಿಯೊಬ್ಬಳು ಫೋನ್ ಮಾಡಿದ್ಲು. ಬಿಕಾಂ ಮುಗಿಸಿದ್ದಾಳೆ. ಮರುದಿನ ವಿಡಿಯೋ ಇಂಟರ್‌ವ್ಯೂ. ಮನೆಯಲ್ಲಿರೋದು ಒಂದೇ ರೂಮು. "ಅಣ್ಣ, ಹಿಂದ್ಗಡೆ ಬಾಬಾಸಾಹೇಬರ ಫೋಟೋ ಕಾಣುತ್ತೆ, ತೆಗೀಬೇಕಾ?" ಅಂದ್ಲು.

ಮೈಕ್ ಸಿಕ್ಕರೆ ಗಂಟೆಗಟ್ಟಲೆ ಮಾತಾಡೋ ನನಗೆ ಉತ್ತರ ಹೊಳೀಲಿಲ್ಲ. "ಎದುರು ಗೋಡೆಗೆ ಬೆನ್ನು ಮಾಡಿ ಕೂತ್ಕೋಮ್ಮ" ಅಂದುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ.

ಇಂಟರ್‌ವ್ಯೂ ಅಂದ್ರೆ ಪ್ರತಿಭೆಯ ಪರೀಕ್ಷೆ ಅನ್ನೋ ಮಹಾನುಭಾವರೇ, ಸ್ವಲ್ಪ ಕೇಳಿ. ಬಿಎ ಮುಗಿಸಿ ನಾನೂ ಖಾಸಗಿ ಕಂಪನಿಗಳಿಗೆ ಅಲೆದು ಚಪ್ಪಲಿ ಸವೆಸಿದವನೇ. ಒಂದು ಕಡೆ ಕೇಳಿದ್ದು ಮೂರೇ ಪ್ರಶ್ನೆ. ಯಾವೂರು? ಊರಲ್ಲಿ ಮನೆ ಯಾವ ಕಡೆ? ತಂದೆ ಏನ್ಮಾಡ್ತಾರೆ? ಆಮೇಲೆ "ತಿಳಿಸ್ತೀವಿ, ಹೋಗಿ". ಈಗಿರೋ ಗುಮಾಸ್ತನ ಕೆಲಸ ಸಿಕ್ಕಿದ್ದು ಬರೀ ಲಿಖಿತ ಪರೀಕ್ಷೆಯಿಂದ. ಉತ್ತರ ಪತ್ರಿಕೆಗೆ ನನ್ನ ಕೇರಿ ಗೊತ್ತಿರಲಿಲ್ಲ.

ಇದು ನನ್ನೊಬ್ಬನ ಗೋಳಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳಿಗೆ ಒಂದೇ ಮಟ್ಟದ ಓದಿನ ಅರ್ಜಿಗಳು, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿ ಹೆಸರಿಗಿಂತ ದಲಿತ ಹೆಸರಿಗೆ ಕರೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅದೇ ವರ್ಷ ಸುರಿಂದರ್ ಜೋಧ್ಕಾ, ಕ್ಯಾಥರೀನ್ ನ್ಯೂಮನ್ ಅವರು ಎಚ್‌ಆರ್ ಮ್ಯಾನೇಜರ್‌ಗಳನ್ನು ಮಾತಾಡಿಸಿದ್ದು ಪ್ರಕಟವಾಯಿತು. ಪ್ರತಿಭೆಯೇ ಮುಖ್ಯ ಅಂದವರೇ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಕೂಡ ನೋಡ್ತೀವಿ ಅಂದಿದ್ದರು. ಜಾತಿ ಅನ್ನೋ ಪದ ಬಾಯಿಗೆ ಬರಲ್ಲ, ಬ್ಯಾಕ್‌ಗ್ರೌಂಡ್ ಬರುತ್ತೆ!

ಹಾಗಂತ ನಮ್ಮ ಮಕ್ಕಳು ಮನೇಲಿ ಕೂರಬೇಕಾ? ಬೇಡ. ಆಟದ ನಿಯಮ ತಿಳ್ಕೊಂಡೇ ಹೋಗಿ.

ಫೋನ್ ಇಂಟರ್‌ವ್ಯೂ: ಬಸ್ಸಲ್ಲಿದ್ದಾಗ ಫೋನ್ ಬಂದ್ರೆ ತಡವರಿಸಬೇಡಿ. "ಅರ್ಧ ಗಂಟೆ ಬಿಟ್ಟು ಮಾತಾಡ್ಬಹುದಾ ಸರ್?" ಅಂತ ಕೇಳಿ. ಅದು ತಪ್ಪಲ್ಲ. ಅರ್ಜಿಯ ಪ್ರತಿ ಕೈಯಲ್ಲಿರಲಿ.

ಗ್ರೂಪ್ ಡಿಸ್ಕಷನ್: ಅಲ್ಲಿ ಯಾರೂ "ನೀವು ಮಾತಾಡಿ" ಅನ್ನಲ್ಲ. ಅಪ್ಪಣೆಗೆ ಕಾಯೋದು ನಮಗೆ ತಲೆಮಾರುಗಳಿಂದ ಕಲಿಸಿದ ಪಾಠ, ಅದನ್ನ ಬಾಗಿಲಾಚೆ ಬಿಟ್ಟು ಹೋಗಿ. ಶುರುವಾದ ಎರಡು ಮೂರು ನಿಮಿಷದೊಳಗೆ ಒಂದು ಗಟ್ಟಿ ಮಾತು ಆಡಿ. ಕಿರುಚೋದು ಬೇಡ.

ಟೆಕ್ನಿಕಲ್ ರೌಂಡ್: ಇಲ್ಲಿ ಉತ್ತರಕ್ಕೆ ಸರಿ-ತಪ್ಪು ಇದೆ, ಹಾಗಾಗಿ ನಮಗೆ ಇದೇ ವಾಸಿ. ಹೇಗೆ ಯೋಚಿಸ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ.

ಪ್ಯಾನಲ್: ನಾಲ್ಕೈದು ಜನ ಕೂತಿರ್ತಾರೆ. ಪ್ರಶ್ನೆ ಕೇಳಿದವರ ಮುಖ ನೋಡಿ ಶುರುಮಾಡಿ, ಆಮೇಲೆ ಎಲ್ಲರನ್ನೂ ನೋಡಿ. ತಲೆ ತಗ್ಗಿಸಬೇಡಿ.

ಎಚ್‌ಆರ್ ರೌಂಡ್: "ನಿಮ್ಮ ಬಗ್ಗೆ ಹೇಳಿ" ಅಂದ್ರೆ ವಂಶವೃಕ್ಷ ಬೇಡ. ಏನು ಓದಿದೆ, ಏನು ಮಾಡಬಲ್ಲೆ, ಈ ಕೆಲಸ ಯಾಕೆ, ಇಷ್ಟು ಸಾಕು. ತಂದೆ ಕೆಲಸ ಕೇಳಿದ್ರೆ ನಾಚಿಕೆ ಬೇಡ, ಕತೆಯೂ ಬೇಡ. "ಕೂಲಿ ಮಾಡ್ತಾರೆ ಸರ್. ನಾನು ಓದ್ತಾ ಓದ್ತಾನೇ ಎರಡು ವರ್ಷ ಅಂಗಡಿ ಲೆಕ್ಕ ಬರೆದಿದ್ದೀನಿ" ಅಂತ ಮಾತನ್ನ ನಿಮ್ಮ ಕೆಲಸದ ಕಡೆ ತಿರುಗಿಸಿ.

ಇನ್ನು ಸಂಘಟನೆಯ ಗೆಳೆಯರಿಗೆ. ಅನುಕೂಲಸ್ಥರ ಮಕ್ಕಳಿಗೆ ಈ ತರಬೇತಿ ಊಟದ ಟೇಬಲ್ ಮೇಲೇ ಸಿಗುತ್ತೆ. ನಮ್ಮ ಮಕ್ಕಳಿಗೆ? ಏಪ್ರಿಲ್ 14ಕ್ಕೆ ಫ್ಲೆಕ್ಸ್ ಕಟ್ಟೋ ನಾವು, ಭಾನುವಾರಕ್ಕೊಮ್ಮೆ ಅಂಬೇಡ್ಕರ್ ಭವನದಲ್ಲಿ ನಾಲ್ಕು ಕುರ್ಚಿ ಹಾಕಿ ಅಣಕು ಇಂಟರ್‌ವ್ಯೂ ಮಾಡಕ್ಕಾಗಲ್ವಾ? ಈ ಬೈಗುಳ ನನಗೂ ಸೇರಿದ್ದು.

ಆದರೆ ತರಬೇತಿಯೊಂದೇ ಸಾಲದು. ಕೇಂದ್ರ ಸರ್ಕಾರವೇ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಇಂಟರ್‌ವ್ಯೂ ಕೈಬಿಟ್ಟಿದೆ. ಇಂಟರ್‌ವ್ಯೂ ಇಲ್ಲದೆಯೂ ಕೆಲಸಕ್ಕೆ ಜನ ಸಿಗ್ತಾರೆ ಅಂತಾಯ್ತಲ್ಲ? ಬೇಕೇ ಬೇಕು ಅನ್ನೋರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಲಿ, ಪ್ರತಿ ಉತ್ತರಕ್ಕೂ ಅಲ್ಲೇ ಅಂಕ ಬರೆಯಲಿ, ಪ್ಯಾನಲ್‌ನಲ್ಲಿ ನಮ್ಮವರೂ ಕೂರಲಿ. ಖಾಸಗಿ ವಲಯದಲ್ಲಿ ಮೀಸಲಾತಿ ಬರಲಿ. ಮೀಸಲು ಹುದ್ದೆಗೆ 'ಯೋಗ್ಯರು ಸಿಗಲಿಲ್ಲ' ಅಂತ ಷರಾ ಬರೆಯೋರು ಕಾರಣವನ್ನೂ ಬರೆದುಕೊಡಲಿ.

ಆ ಹುಡುಗಿ ಸೋಮವಾರ ಸಂಜೆ ಮೆಸೇಜ್ ಮಾಡಿದ್ಲು. "ಅಣ್ಣ, ನೀವು ಹೇಳಿದಂಗೆ ಕೂತೆ. ಬಾಬಾಸಾಹೇಬರು ಎದುರಿಗೇ ಇದ್ರು, ಭಯ ಆಗ್ಲಿಲ್ಲ." ರಿಸಲ್ಟ್ ಇನ್ನೂ ಬಂದಿಲ್ಲ. ಅವಳ ಧೈರ್ಯಕ್ಕೆ ಶರಣು. ಆದರೆ ಆ ಪ್ರಶ್ನೆಯನ್ನ ಅವಳು ಕೇಳಬೇಕಾಗಿ ಬಂತಲ್ಲ, ಆ ನಾಚಿಕೆ ಅವಳದ್ದಲ್ಲ. ಗೋಡೆ ನೋಡಿ ಕೆಲಸ ಕೊಡೋರದ್ದು.

ಜೈ ಭೀಮ್.