ದಡದಲ್ಲಿ ನಿಂತವರ ಕೆಲಸ

2024ರ ಡಿಸೆಂಬರ್ 10ರಂದು ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಶಾಲಾ ಪ್ರವಾಸಕ್ಕೆ ಬಂದವರು. ಜೊತೆಗೆ ಶಿಕ್ಷಕರೂ ಇದ್ದರು. ಆಮೇಲೆ ಪ್ರಾಂಶುಪಾಲರ ಅಮಾನತು, ಶಿಕ್ಷಕರ ಬಂಧನ, ಕಡಲತೀರಕ್ಕೆ ನಿರ್ಬಂಧ ಎಲ್ಲವೂ ಆಯಿತು. ನನ್ನ ಪ್ರಶ್ನೆ ಇಷ್ಟೆ: ಬಿ.ಇಡಿ.ಯಲ್ಲಿ ಪಾಠಯೋಜನೆ ಬರೆಯಲು ಕಲಿಸುವ ನಾವು, ನೀರಿನ ದಡದಲ್ಲಿ ಮಕ್ಕಳನ್ನು ಕಾಯುವುದನ್ನು ಕಲಿಸುತ್ತೇವೆಯೆ?

ಹಾಸನ ಜಿಲ್ಲೆಗೆ ಇದು ದೂರದ ಕಡಲಿನ ಮಾತಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು, ಹೊಳೆನರಸೀಪುರದ ಮಗ್ಗುಲಲ್ಲೇ ಹೊಳೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ, ಚನ್ನರಾಯಪಟ್ಟಣದ ಕಡೆ ಕೆರೆ, ನಾಲೆ. ಇಲ್ಲಿ ‘ಮಕ್ಕಳನ್ನು ನೀರಿನ ಹತ್ತಿರ ಬಿಡಲೇಬೇಡಿ’ ಎನ್ನುವುದು ಪರಿಹಾರವಲ್ಲ. ಶಾಲೆ ಈಜುಕೊಳಕ್ಕೆ ಕರೆದೊಯ್ಯದಿದ್ದರೆ ಭಾನುವಾರ ಹುಡುಗರು ತಾವೇ ಹೊಳೆಗೆ ಹೋಗುತ್ತಾರೆ. ಆಗ ದಡದಲ್ಲಿ ಯಾರೂ ಇರುವುದಿಲ್ಲ.

ಮುಳುಗುವ ಮಗು ಸಿನಿಮಾದಲ್ಲಿ ಕೂಗುವಂತೆ ಕೂಗುವುದಿಲ್ಲ. ಉಸಿರಿಗೆ ಪರದಾಡುವ ಬಾಯಿಗೆ ಕೂಗಲು ಬಿಡುವಿಲ್ಲ. ನೀರನ್ನು ಒತ್ತುತ್ತಿರುವ ಕೈಗಳಿಗೆ ಬೀಸಲು ಆಗುವುದಿಲ್ಲ. ಉಳಿದವರ ಗದ್ದಲದ ನಡುವೆ ಅದೂ ಆಡುತ್ತಿರುವಂತೆ ಕಾಣುತ್ತದೆ. ಕಿವಿಯನ್ನು ನಂಬಿ ಕೂತವರಿಗೆ ಇದು ತಿಳಿಯುವುದೇ ಇಲ್ಲ.

ಆದ್ದರಿಂದ ನೋಡಿಕೊಳ್ಳುವವರಿಗೆ ನೋಡುವುದೊಂದೇ ಕೆಲಸವಿರಬೇಕು. ಮೊಬೈಲು ಚೀಲದಲ್ಲಿರಲಿ. ಒದ್ದೆ ಬಟ್ಟೆಯ ಮಕ್ಕಳ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಉತ್ಸಾಹವಲ್ಲ, ತಪ್ಪು. ತಿಂಡಿ, ಟಿಕೆಟ್ಟು, ಬಸ್ಸಿನ ಲೆಕ್ಕ ಇನ್ನೊಬ್ಬರಿಗಿರಲಿ. ಇಳಿಯುವಾಗ ಎಣಿಸಿ, ನಡುನಡುವೆ ಎಣಿಸಿ, ಮೇಲೆ ಬಂದ ಮೇಲೂ ಎಣಿಸಿ. ಹೆದರಿದ ಮಗುವನ್ನು ‘ಧೈರ್ಯ ಬರಲಿ’ ಎಂದು ನೂಕಬೇಡಿ, ಆಡಿಕೊಂಡು ನಗಬೇಡಿ. ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕಡೆ ಶಿಕ್ಷಕಿಯೇ ಇರಲಿ. ಈಜು ಬಲ್ಲ ವಯಸ್ಕರೊಬ್ಬರು, ಕೈಗೆಟುಕುವಂತೆ ಹಗ್ಗ ಮತ್ತು ಟ್ಯೂಬು ಇಲ್ಲದ ಕಡೆ ಒಂದು ಮಗುವೂ ನೀರಿಗಿಳಿಯಬಾರದು.

‘ಪಾಠ, ಗಣತಿ, ಬಿಸಿಯೂಟದ ಲೆಕ್ಕ, ಈಗ ಇದೂ ನಮ್ಮ ತಲೆಗೇ?’ ಎಂದು ಮೇಷ್ಟ್ರುಗಳು ಕೇಳಬಹುದು. ಕೇಳಲೇಬೇಕು. ಆದರೆ ಬಸ್ಸು ಹೊರಡುವ ಮೊದಲು ಕೇಳಬೇಕು: ತರಬೇತಿ ಕೊಡಿ, ಈಜು ಬಲ್ಲವರನ್ನು ಜೊತೆಗೆ ಕಳಿಸಿ, ಇಲ್ಲವಾದರೆ ನಾವು ಮಕ್ಕಳನ್ನು ನೀರಿಗೆ ಇಳಿಸುವುದಿಲ್ಲ. ಹಾಗೆ ಹೇಳುವ ಶಿಕ್ಷಕರು ಕರ್ತವ್ಯದಿಂದ ತಪ್ಪಿಸಿಕೊಳ್ಳುತ್ತಿಲ್ಲ, ಅದನ್ನೇ ಮಾಡುತ್ತಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ವರದಿಯೊಂದು ಅದೇ ಡಿಸೆಂಬರಿನಲ್ಲಿ ಹೊರಬಂತು: ಜಗತ್ತಿನಲ್ಲಿ 5ರಿಂದ 14 ವರ್ಷದ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದು ಮೂರನೆಯ ದೊಡ್ಡ ಕಾರಣ. ಅದು ನಮ್ಮ ಶಾಲಾ ಮಕ್ಕಳದೇ ವಯಸ್ಸು. ಸಾವಿನ ಬೆನ್ನಿಗೇ ಅಮಾನತಿನ ಆದೇಶ ಹೊರಡಿಸಬಲ್ಲ ವ್ಯವಸ್ಥೆಗೆ, ಪ್ರವಾಸಕ್ಕೆ ಮೊದಲು ಒಂದು ದಿನದ ತರಬೇತಿ ಕೊಡುವುದು ಅಷ್ಟು ಕಷ್ಟವೆ?