ಗೆದ್ದ ಹಾಡುಗಳ ಹಾವಳಿ

ಕಳೆದ ರಾಜ್ಯೋತ್ಸವದ ದಿನ ನಮ್ಮ ಕೊಪ್ಪದಲ್ಲಿ ಬೆಳಗಿನಿಂದ ಸಂಜೆಯವರೆಗೆ ಧ್ವನಿವರ್ಧಕದಲ್ಲಿ ಆರೇ ಆರು ಹಾಡುಗಳು ತಿರುಗಿ ತಿರುಗಿ ಬಂದವು. ಅವುಗಳಲ್ಲಿ 'ನಿತ್ಯೋತ್ಸವ'ವನ್ನು, ನಾನು ಎಣಿಸಿದಂತೆ, ಹನ್ನೊಂದು ಸಲ ಹಾಕಿದರು. "ಅದೇ ಧ್ವನಿಸುರುಳಿಯಲ್ಲಿ ಬೇರೆ ಹಾಡುಗಳೂ ಇವೆಯಲ್ಲ, ಹಾಕಿ ಸ್ವಾಮಿ" ಎಂದೆ. "ಅವು ಹಿಟ್ ಅಲ್ಲ ಸಾರ್" ಎಂದು ಉತ್ತರ ಬಂತು. ಬರೆದವರು ಯಾರೆಂದು ಕೇಳಿದ್ದಕ್ಕೆ ಮೊಬೈಲ್ ನೋಡಿ ಹಾಡಿದವರ ಹೆಸರು ಹೇಳಿದರು.

ನನ್ನ ಜಗಳ ಈ 'ಹಿಟ್' ಎಂಬ ಮಾತಿನೊಡನೆ.

ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ರೈತ ಬ್ಯಾರನ್ನಿನಲ್ಲಿ ಹದಮಾಡಿದ ಹೊಗೆಸೊಪ್ಪನ್ನು ದರ್ಜೆವಾರು ವಿಂಗಡಿಸಿ ಹರಾಜಿಗೆ ಒಯ್ಯುತ್ತಾನೆ. ಸೊಪ್ಪಿಗೆ ಅದು ಸರಿ. ಹಾಡಿಗೂ ಅದೇ ಹರಾಜು ಕಟ್ಟೆಯೆ?

ಹಿಟ್ಟುಗಳ ಲೆಕ್ಕ ಎಂಥ ಮೋಸದ ಲೆಕ್ಕವೆಂಬುದಕ್ಕೆ ಇಂಗ್ಲೆಂಡಿನ ಬೀಟಲ್ಸ್ ತಂಡವೇ ಸಾಕ್ಷಿ. ಹಿಟ್ ಹಾಡುಗಳಲ್ಲಿ ಅವರನ್ನು ಮೀರಿಸಿದವರು ಯಾರು? ಇಂಗ್ಲೆಂಡು ಅಮೆರಿಕಗಳಲ್ಲಿ ಮೊದಲ ಸ್ಥಾನಕ್ಕೇರಿದ ಅವರ 27 ಹಾಡುಗಳನ್ನು ಕೂಡಿಸಿ 2000ದಲ್ಲಿ 'ಒನ್' ಎಂಬ ಸಂಕಲನ ತಂದರು. ಆದರೆ ಅವರ ಮೇರುಕೃತಿಯೆಂದು ಲೋಕ ಕೊಂಡಾಡಿದ, 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ಒಂದೇ ಒಂದು ಹಾಡೂ ಆ 27ರಲ್ಲಿಲ್ಲ! ಅದೇ ವರ್ಷ 'ಪೆನ್ನಿ ಲೇನ್' ಮತ್ತು 'ಸ್ಟ್ರಾಬೆರಿ ಫೀಲ್ಡ್ಸ್' ಒಂದೇ ತಟ್ಟೆಯ ಎರಡು ಮಗ್ಗುಲುಗಳಾಗಿ ಹೊರಬಂದಿದ್ದವು. ಸಂಕಲನದಲ್ಲಿ ಒಂದು ಮಗ್ಗುಲಿಗೆ ಜಾಗ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಅಂಕಿಯ ಮುಂದೆ ಕಿವಿಯ ಮಾತು ನಡೆಯಲಿಲ್ಲ.

'ಸಾರ್ಜೆಂಟ್ ಪೆಪ್ಪರ್' ಬಿಡಿ ಹಾಡುಗಳ ಮೂಟೆಯಲ್ಲ. ಹಾಡುಹಾಡಿನ ನಡುವೆ ಇರುತ್ತಿದ್ದ ಮೌನವನ್ನೂ ಬಹುಮಟ್ಟಿಗೆ ತೆಗೆದು, ಮೊದಲಿನಿಂದ ಕೊನೆಯವರೆಗೆ ಕೇಳಲೆಂದೇ ಅದನ್ನು ಕಟ್ಟಿದರು. ಅದರ ಹೊದಿಕೆಯ ಹಿಂಬದಿಯಲ್ಲಿ ಎಲ್ಲ ಹಾಡುಗಳ ಸಾಹಿತ್ಯವನ್ನೂ ಅಚ್ಚು ಹಾಕಿಸಿದರು. ನಾವು ಗದ್ದಲವೆಂದು ಮೂಗು ಮುರಿಯುವ ಸಂಗೀತದವರು ಮಾತಿಗೆ ತೋರಿಸಿದ ಮರ್ಯಾದೆ ಇದು. ಕಾವ್ಯವನ್ನೇ ಹಾಡುತ್ತೇವೆಂದು ಬೀಗುವ ನಾವು ಕವಿಯ ಹೆಸರನ್ನೂ ಹೇಳುವುದಿಲ್ಲ.

'ನಿತ್ಯೋತ್ಸವ' 1976ರಲ್ಲಿ ಬಂದ ಕವನಸಂಕಲನ. ಬರೆದವರು ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕೆ. ಎಸ್. ನಿಸಾರ್ ಅಹಮದ್. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಅದು ಧ್ವನಿಸುರುಳಿಯಾಯಿತು. ನಾಡನ್ನು ಹಾಗೆ ಹೊಗಳಿದ ಕವಿಯೇ 'ಕುರಿಗಳು ಸಾರ್ ಕುರಿಗಳು' ಬರೆದು ನಮ್ಮ ಹಿಂಡುಬುದ್ಧಿಯನ್ನು ಕುಟುಕಿದವರು. ಹೊಗಳಿಕೆಯನ್ನು ಹನ್ನೊಂದು ಸಲ ಕೇಳಿ ಕುಟುಕನ್ನು ಒಮ್ಮೆಯೂ ಕೇಳದವರು ಅರ್ಧ ಕವಿಯನ್ನು ಕೊಂದಂತೆಯೇ ಸರಿ. ಹಿಟ್ಟುಗಳ ಹಿಂದೆ ಹಿಂಡಾಗಿ ಹೋಗುವ ನಮಗಿಂತ ಆ ಪದ್ಯಕ್ಕೆ ಬೇರೆ ಟಿಪ್ಪಣಿ ಬೇಕೆ?

"ಜನಕ್ಕೆ ಪುರಸೊತ್ತಿಲ್ಲ, ಹಿಟ್ ಹಾಡಾದರೂ ಅವರನ್ನು ಕಾವ್ಯದ ಹತ್ತಿರ ತರುತ್ತದಲ್ಲ" ಎಂದು ಕೆಲವರು ವಾದಿಸುತ್ತಾರೆ. ಒಪ್ಪಿದೆ. ನಾನೂ ಆ ದಾರಿಯಲ್ಲೇ ಬಂದವನು. ಆದರೆ ಹಿಟ್ ಹಾಡು ಮನೆಯ ಬಾಗಿಲು ಮಾತ್ರ. ಹೊಸ್ತಿಲ ಮೇಲೆ ಚಾಪೆ ಹಾಸಿ ಮಲಗಿದವನು ತಾನೂ ಒಳಗೆ ಹೋಗುವುದಿಲ್ಲ, ಹಿಂದೆ ಬಂದವರಿಗೂ ದಾರಿ ಬಿಡುವುದಿಲ್ಲ. ಕಾವೇರಿಯ ಸೇತುವೆ ದಾಟಿ ಕುಶಾಲನಗರದ ಶಾಲೆಗೆ ಹೋಗುವ ನಮ್ಮ ಹುಡುಗರು ಕನ್ನಡದಲ್ಲಿ ಇರುವುದೇ ಆರು ಹಾಡು ಎಂದುಕೊಂಡರೆ ತಪ್ಪು ಅವರದಲ್ಲ, ಧ್ವನಿವರ್ಧಕದ ಗುಂಡಿ ಕೈಯಲ್ಲಿದ್ದ ನಮ್ಮದು.

ಬರುವ ನವೆಂಬರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದು ಧ್ವನಿಸುರುಳಿಯನ್ನು ಮೊದಲಿನಿಂದ ಕೊನೆಯವರೆಗೆ ಹಾಕಿ. ಪ್ರತಿ ಹಾಡಿಗೆ ಮುಂಚೆ ಕವಿಯ ಹೆಸರು ಹೇಳಿ. ಕೂಗಿ ಹೇಳುವ ಕೆಲಸಕ್ಕೆ ಬೇರೆ ಜನ ಸಿಗದಿದ್ದರೆ ನಾನೇ ಬಂದು ನಿಲ್ಲುತ್ತೇನೆ.