ರಸ್ತೆ ಮರುನಿರ್ಮಾಣದ ಹೊರೆ ಯಾರ ಹೆಗಲಿಗೆ?

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಇವುಗಳ ಸ್ವಂತ ವರಮಾನದ ಮುಖ್ಯ ಮೂಲ ಆಸ್ತಿ ತೆರಿಗೆ. ದೊಡ್ಡ ರಸ್ತೆ ಕಾಮಗಾರಿಗಳಿಗೆ ರಾಜ್ಯ ಸರ್ಕಾರದ ಅನುದಾನದತ್ತ ಕೈಚಾಚುವುದು ಹಳೆಯ ರೂಢಿ. ಅನುದಾನ ಸಾಲದೆ ಹೋದಾಗ, ಬೀದಿಯ ಇಕ್ಕೆಲದ ಆಸ್ತಿದಾರರಿಂದಲೇ ವೆಚ್ಚದ ಪಾಲು ವಸೂಲು ಮಾಡುವ ಆಲೋಚನೆ ಇಂದಲ್ಲ ನಾಳೆ ಮುನ್ನೆಲೆಗೆ ಬರಬಹುದು. ಅದಕ್ಕೆ ಮೊದಲೇ ನ್ಯಾಯಯುತ ದರದ ಬಗ್ಗೆ ಚರ್ಚೆ ನಡೆಯುವುದು ಒಳಿತು.

ಅಮೆರಿಕದ ಹಲವು ನಗರಗಳಲ್ಲಿ ಈ ಬಗೆಯ ವಿಶೇಷ ಕರ ಬಹುಕಾಲದಿಂದ ಇದೆ. ಅದಕ್ಕೆ ಕಡಿವಾಣ ಹಾಕಿದ್ದು ನ್ಯಾಯಾಲಯಗಳು. ಒಹಾಯೊ ರಾಜ್ಯದ ನಾರ್ವುಡ್ ಎಂಬ ಊರಿನ ಆಡಳಿತವು ಮಹಿಳೆಯೊಬ್ಬರ ಜಮೀನಿನಲ್ಲಿ ರಸ್ತೆ ತೆಗೆದು, ಆಕೆಗೆ ಸಲ್ಲಬೇಕಾದ ಪರಿಹಾರವನ್ನೂ ಇತರ ಖರ್ಚನ್ನೂ ಆಕೆಯ ಉಳಿದ ಜಮೀನಿನ ಮೇಲೆಯೇ ಕರವಾಗಿ ಹೊರಿಸಿತು. ಆಸ್ತಿಗೆ ದಕ್ಕಿದ ವಿಶೇಷ ಲಾಭವನ್ನು ಗಣನೀಯವಾಗಿ ಮೀರಿದ ಕರವು ಪರಿಹಾರ ಕೊಡದೆ ಆಸ್ತಿ ಕಿತ್ತುಕೊಂಡದ್ದಕ್ಕೆ ಸಮ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1898ರಲ್ಲಿ ತೀರ್ಪಿತ್ತಿತು.

ಮಿನ್ನೆಸೋಟ ರಾಜ್ಯದ ಕಾನೂನು ಈ ತತ್ವವನ್ನು ಇನ್ನಷ್ಟು ಸ್ಪಷ್ಟಗೊಳಿಸಿದೆ: ಕಾಮಗಾರಿಯಿಂದ ಆಸ್ತಿಗೆ ವಿಶೇಷ ಲಾಭವಾಗಿರಬೇಕು, ಒಂದೇ ವರ್ಗದ ಆಸ್ತಿಗಳಿಗೆ ಏಕರೂಪದ ದರವಿರಬೇಕು, ಕರವು ಲಾಭವನ್ನು ಮೀರಬಾರದು. ಅಲ್ಲಿನ ಸೇಂಟ್ ಪಾಲ್ ನಗರ ಆಸ್ತಿಯ ಮುಂಭಾಗದ ಅಡಿ ಲೆಕ್ಕದಲ್ಲಿ ರಸ್ತೆ ನಿರ್ವಹಣೆಗೆ ಹಣ ವಸೂಲು ಮಾಡುತ್ತಿತ್ತು. ಎರಡು ಚರ್ಚುಗಳು ಇದನ್ನು ಪ್ರಶ್ನಿಸಿದವು. ಇದು ಶುಲ್ಕವಲ್ಲ, ತೆರಿಗೆಯೇ. ಆದ್ದರಿಂದ ಲಾಭದ ಪರೀಕ್ಷೆಗೆ ಒಳಪಡಬೇಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ರಸ್ತೆ ಮತ್ತು ಉದ್ಯಾನಗಳಿಗಾಗಿ ಶೇ 1ರ ಮಾರಾಟ ತೆರಿಗೆಗೆ ಆ ನಗರದ ಮತದಾರರು 2023ರಲ್ಲಿ ಸಮ್ಮತಿ ನೀಡಿದರು. ಹೊರಗಿನಿಂದ ಬಂದು ರಸ್ತೆ ಬಳಸುವವರೂ ಅಲ್ಲಿ ಖರೀದಿಸಿದಾಗ ಈ ತೆರಿಗೆ ತೆರುತ್ತಾರೆ.

ದರದ ಅಳತೆಗೋಲು ಬದಲಾದರೆ ನ್ಯಾಯವೂ ಬದಲಾಗುತ್ತದೆ. ನಮ್ಮ 30x40 ನಿವೇಶನವನ್ನೇ ತೆಗೆದುಕೊಳ್ಳೋಣ. ಮುಂಭಾಗದ ಅಡಿಗೆ 1,000 ರೂಪಾಯಿ ಎಂದು ಊಹಿಸಿದರೆ ನಡುವಿನ ಮನೆಗೆ 30,000 ರೂಪಾಯಿ. ಎರಡು ಬದಿಯ ರಸ್ತೆಯೂ ಮರುನಿರ್ಮಾಣವಾದರೆ ಮೂಲೆ ನಿವೇಶನಕ್ಕೆ 70,000 ರೂಪಾಯಿ. ಅದೇ ಅಳತೆಯ ನಿವೇಶನದಲ್ಲಿ ನಾಲ್ಕು ಸಂಸಾರಗಳ ಕಟ್ಟಡವಿದ್ದರೆ ತಲಾ 7,500 ರೂಪಾಯಿ. ಪಕ್ಕದ ಒಂಟಿ ಮನೆಯ ನಿವೃತ್ತ ದಂಪತಿ ಪೂರ್ತಿ 30,000 ತೆರಬೇಕು. 2008–09ರಲ್ಲಿ ಬೆಂಗಳೂರಿನಲ್ಲಿ ಜಾರಿಗೆ ಬಂದ, ಮಾರ್ಗಸೂಚಿ ಮೌಲ್ಯವನ್ನು ಆಧರಿಸಿದ ಆರು ವಲಯಗಳ ಪದ್ಧತಿಯೂ ಇಲ್ಲಿ ನೆರವಿಗೆ ಬಾರದು. ಅದು ಪ್ರದೇಶದ ನೆಲದ ಬೆಲೆಯನ್ನು ಸೂಚಿಸುತ್ತದೆಯೇ ಹೊರತು ಒಂದು ರಸ್ತೆ ಹೊಸದಾದುದರಿಂದ ಒಂದು ಮನೆಗೆ ದಕ್ಕಿದ ಲಾಭವನ್ನಲ್ಲ.

ರಸ್ತೆ ಹಾಳಾದದ್ದು ಯಾರಿಂದ ಎಂಬ ಪ್ರಶ್ನೆಯೂ ಇದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಕಂಡುಕೊಂಡ ಸೂತ್ರದಂತೆ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. ನೀರಿನ ಟ್ಯಾಂಕರ್, ಕಾಂಕ್ರೀಟ್ ಲಾರಿಗಳ ಭಾರಕ್ಕೆ ಕುಸಿದ ಬೀದಿಯ ಲೆಕ್ಕವನ್ನು ಸ್ಕೂಟರ್‌ನಲ್ಲಿ ಓಡಾಡುವ ಗೃಹಸ್ಥರ ಮೇಲೆ ಹೇರುವುದು ಸರಿಯಲ್ಲ. ಪೈಪು, ಕೇಬಲ್ ಹೂಳಲು ಅಗೆದ ಸಂಸ್ಥೆಯ ಬಾಕಿಯೂ ಅಷ್ಟೇ.

ಹಾಗೆಂದು ಆಸ್ತಿದಾರರು ಏನನ್ನೂ ಕೊಡಬೇಕಾಗಿಲ್ಲ ಎಂಬುದು ನನ್ನ ವಾದವಲ್ಲ. ಮಣ್ಣಿನ ದಾರಿಗೆ ಮೊದಲ ಬಾರಿ ಡಾಂಬರು ಬಿದ್ದು ಚರಂಡಿ, ಪಾದಚಾರಿ ಮಾರ್ಗ ಬಂದಾಗ ನಿವೇಶನದ ಬೆಲೆ ಏರುತ್ತದೆ. ಅಲ್ಲಿ ಪಾಲು ಕೇಳುವುದರಲ್ಲಿ ತಪ್ಪಿಲ್ಲ. ಇದ್ದ ರಸ್ತೆಯನ್ನೇ ಮತ್ತೆ ಕಟ್ಟುವಾಗ ಆ ಲಾಭ ಬಹಳ ಕಡಿಮೆ. ದಶಕಗಳಿಂದ ಆಸ್ತಿ ತೆರಿಗೆ ಕಟ್ಟಿದವರು ಆ ನಿರೀಕ್ಷೆಯಿಂದಲೇ ಕಟ್ಟಿದ್ದಾರೆ. ಕಂದಾಯ ಬಡಾವಣೆಗಳ ಅನೇಕರು ಖಾತೆಗಾಗಿ ಸುಧಾರಣಾ ಶುಲ್ಕವನ್ನೂ ತೆತ್ತಿದ್ದಾರೆ.

ಆದ್ದರಿಂದ ಮುಖ್ಯ ರಸ್ತೆಗಳ ವೆಚ್ಚವನ್ನು ಇಡೀ ನಗರ ಭರಿಸಬೇಕು. ಬಡಾವಣೆಯ ಒಳರಸ್ತೆಗಳಲ್ಲಿ ಮೊದಲು ಅಗೆದವರ ಪಾಲನ್ನೂ ಹಿಂದೆ ತೆತ್ತ ಶುಲ್ಕವನ್ನೂ ಕಳೆದು, ಉಳಿದದ್ದರಲ್ಲಿ ಒಂದು ಸೀಮಿತ ಅಂಶವನ್ನಷ್ಟೇ ನಿವಾಸಿಗಳಿಂದ ಪಡೆಯಬಹುದು. ಮೂಲೆ ನಿವೇಶನಕ್ಕೆ ರಿಯಾಯಿತಿ ಬೇಕು. ಹಲವು ಮನೆಗಳ ಕಟ್ಟಡಕ್ಕೆ ಮನೆಗಳ ಸಂಖ್ಯೆಯೂ ಲೆಕ್ಕಕ್ಕೆ ಬರಬೇಕು. ಮಿನ್ನೆಸೋಟದಲ್ಲಿ ಇರುವಂತೆ ಸಾರ್ವಜನಿಕ ಅಹವಾಲು, ಮೇಲ್ಮನವಿಯ ಹಕ್ಕು, ದೀರ್ಘಾವಧಿ ಕಂತು, ಕಷ್ಟದಲ್ಲಿರುವ ಹಿರಿಯರಿಗೆ ಪಾವತಿ ಮುಂದೂಡುವ ಅವಕಾಶ ನಮ್ಮಲ್ಲೂ ಇರಬೇಕು. ಇವಿಷ್ಟನ್ನೂ ನಿಯಮಗಳಲ್ಲಿ ಮೊದಲೇ ಬರೆದಿಡದೆ ಯಾವ ಪಾಲಿಕೆಯೂ ಮನೆಬಾಗಿಲಿಗೆ ನೋಟಿಸು ಕಳಿಸಕೂಡದು.